ಗ್ಲಾಸಿನ ಲೆಕ್ಕ, ಗ್ರಾಮಿನ ಲೆಕ್ಕ

ಪುಣೆ ನಗರವನ್ನು ಮರಾಠಿಗರು ಅಭಿಮಾನದಿಂದ ವಿದ್ಯೆಯ ತವರುಮನೆಯೆಂದು ಕರೆಯುತ್ತಾರೆ. 1885ರಲ್ಲಿ ಸ್ಥಾಪಿತವಾದ ಫರ್ಗ್ಯುಸನ್ ಕಾಲೇಜು, 1949ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ಹಾಗೂ ಇವುಗಳ ಸುತ್ತ ಬೆಳೆದ ಅನೇಕ ವಿದ್ಯಾಸಂಸ್ಥೆಗಳು ಈ ಬಿರುದಿಗೆ ಆಧಾರ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆಯಿಂದಲೂ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಇದೇ ನಗರಕ್ಕೆ ಈಚೆಗೆ ಇನ್ನೊಂದು ಖ್ಯಾತಿಯೂ ಸೇರಿಕೊಂಡಿದೆ. 2009ರಲ್ಲಿ ಇಲ್ಲಿ ಆರಂಭವಾದ ಡೂಲಾಲಿ, ದೇಶದ ಮೊದಮೊದಲ ಮೈಕ್ರೋಬ್ರೂವರಿಗಳಲ್ಲೊಂದು. ಅನಂತರದ ವರ್ಷಗಳಲ್ಲಿ ಕೋರೆಗಾಂವ್ ಪಾರ್ಕ್, ಮುಂಢವಾ, ಕಲ್ಯಾಣಿನಗರ ಭಾಗಗಳಲ್ಲಿ ಇಂಥ ಬ್ರೂವರಿಗಳೂ ಪಬ್‌ಗಳೂ ಹೆಚ್ಚಿದವು. ಬಿಡುವಿನ ದಿನ ಎರಡು ಮೂರು ಕಡೆ ಸುತ್ತಿ ಬಗೆಬಗೆಯ ಬಿಯರಿನ ರುಚಿ ನೋಡುವುದು ತರುಣರಿಗೆ ಒಂದು ಯಾತ್ರೆಯೇ ಆಗಿದೆ.

ಈ ಯಾತ್ರೆಯ ವಿಷಯದಲ್ಲಿ ಹಿರಿಯರು ಸಾಮಾನ್ಯವಾಗಿ ಹಿಡಿಯುವ ಮಾರ್ಗಗಳು ಎರಡು: ಒಂದು ಗದರಿಕೆ, ಇನ್ನೊಂದು ಕಂಡೂ ಕಾಣದಂತಿರುವುದು. ಎರಡರಿಂದಲೂ ಪ್ರಯೋಜನ ಸ್ವಲ್ಪವೇ. ತರುಣರ ಮುಂದೆ ಇಡಬೇಕಾದದ್ದು ಲೆಕ್ಕ.

ಮೊದಲು ಆಕರ್ಷಣೆಯ ಕಾರಣವನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಬಾರ್ಲಿಯನ್ನು ನೆನೆಯಿಟ್ಟು, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್ ಆಗುತ್ತದೆ. ಕೂಸಿಗೆ ರಾಗಿಸರಿ ಮಾಡುವ ಗೃಹಿಣಿಗೆ ಈ ಕ್ರಮ ಹೊಸದಲ್ಲ. ಅದನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸೋಸಿದ ರಸಕ್ಕೆ ಹಾಪ್ಸ್ ಎಂಬ ಕಹಿ ಹೂವನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಸೇರಿಸಿದರೆ ಸಕ್ಕರೆ ಮದ್ಯಸಾರವಾಗುತ್ತದೆ. ಇದೆಲ್ಲ ಗಿರಾಕಿಯ ಕಣ್ಣೆದುರಿನ ಹೊಳೆಯುವ ಪಾತ್ರೆಗಳಲ್ಲೇ ನಡೆಯುವುದರಿಂದ ಕುಡಿಯುವವನಿಗೆ ವಿಶ್ವಾಸ ಹುಟ್ಟುವುದು ಸಹಜ. "ತಾಜಾ ಸರಕು, ಧಾನ್ಯದ್ದು, ಇದರಿಂದೇನೂ ಆಗದು" ಎಂಬ ನಂಬಿಕೆ ಬೆಳೆಯುವುದು ಇಲ್ಲಿಂದಲೇ.

ತಾಜಾತನ ರುಚಿಗೆ ಸಂಬಂಧಿಸಿದ ಗುಣ. ಯಕೃತ್ತಿಗೆ ಅದರಿಂದ ಯಾವ ರಿಯಾಯಿತಿಯೂ ಇಲ್ಲ. ಕುಶಲತೆಯಿಂದ ತಯಾರಿಸಿದ ಬಿಯರಿನಲ್ಲಿರುವ ಮದ್ಯಸಾರವೂ ಅಗ್ಗದ ಬಾಟಲಿಯಲ್ಲಿರುವ ಮದ್ಯಸಾರವೂ ಒಂದೇ ವಸ್ತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯಪಾನವನ್ನು ಕ್ಯಾನ್ಸರ್ ತರುವುದೆಂದು ಖಚಿತವಾದವುಗಳ ವರ್ಗಕ್ಕೆ ಸೇರಿಸಿತು. ಆರೋಗ್ಯದ ದೃಷ್ಟಿಯಿಂದ ಇಷ್ಟು ಕುಡಿದರೆ ಕ್ಷೇಮವೆನ್ನುವ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು.

ಈಗ ಒಂದು ದಿನದ ಯಾತ್ರೆಯ ಖಾತೆಯನ್ನು ಬರೆದು ನೋಡಬಹುದು. 60 ಕಿಲೋ ತೂಕದ ತರುಣನೊಬ್ಬ ಸಂಜೆ 4 ಗಂಟೆಗೆ ಹೊರಟನೆಂದಿಟ್ಟುಕೊಳ್ಳೋಣ. ಮೊದಲ ಕಡೆ ರುಚಿ ನೋಡಲೆಂದು ತಲಾ 100 ಮಿಲಿಲೀಟರಿನ ಆರು ಪುಟ್ಟ ಗ್ಲಾಸುಗಳು. ಮದ್ಯಸಾರ ಶೇಕಡ 5 ಎಂದರೂ ಸುಮಾರು 24 ಗ್ರಾಂ. ಎರಡನೆಯ ಕಡೆ ಅದೇ ಬಲದ, 330 ಮಿಲಿಲೀಟರಿನ ಎರಡು ಗ್ಲಾಸು, 26 ಗ್ರಾಂ. ಮೂರನೆಯ ಕಡೆ ಶೇಕಡ 7ರ ಅರ್ಧ ಲೀಟರು, 28 ಗ್ರಾಂ. ಒಟ್ಟು 78 ಗ್ರಾಂ ಜಮೆ. ಖರ್ಚಿನ ಕಡೆಗೆ ಬಂದರೆ, ಯಕೃತ್ತು ಗಂಟೆಗೆ ಕರಗಿಸುವುದು ಸುಮಾರು 8 ಗ್ರಾಂ ಮಾತ್ರ. ಕಾಫಿ ಕುಡಿದರೂ ತಣ್ಣೀರು ಸುರಿದುಕೊಂಡರೂ ಆ ವೇಗ ಹೆಚ್ಚದು. ರಾತ್ರಿ 10ಕ್ಕೆ ಆರು ಗಂಟೆಗಳ ಖರ್ಚು 48 ಗ್ರಾಂ ಕಳೆದು 30 ಗ್ರಾಂ ಬಾಕಿ. ಆಗ ಅವನ ರಕ್ತದಲ್ಲಿ 100 ಮಿಲಿಲೀಟರಿಗೆ ಸುಮಾರು 70 ಮಿಲಿಗ್ರಾಂ ಮದ್ಯಸಾರವಿರುತ್ತದೆ. ದೇಹಪ್ರಕೃತಿಗೆ ತಕ್ಕಂತೆ ಅಂಕಿಗಳು ಹೆಚ್ಚು ಕಡಿಮೆಯಾಗಬಹುದು. ಅಷ್ಟೇ ತೂಕದ ಯುವತಿಯಲ್ಲಿ ಸಾಮಾನ್ಯವಾಗಿ ಇನ್ನೂ ಹೆಚ್ಚು. ವಾಹನ ಚಾಲಕನಿಗೆ ಕಾನೂನು ಹಾಕಿರುವ ಮಿತಿ 30 ಮಿಲಿಗ್ರಾಂ. ತರುಣನ ನೆನಪಿನಲ್ಲಿ ಉಳಿಯುವುದು "ಮೂರು ಗ್ಲಾಸು ಬಿಯರು, ಸ್ವಲ್ಪ ರುಚಿ" ಎಂಬುದಷ್ಟೇ. ಹನಿ ಹನಿ ಕೂಡಿ ಹಳ್ಳವಾದದ್ದು ಅವನಿಗೆ ತಿಳಿಯದು.

ಪುಣೆಯಲ್ಲಿ ದ್ವಿಚಕ್ರ ವಾಹನವಿಲ್ಲದ ವಿದ್ಯಾರ್ಥಿಗಳ ಗುಂಪು ಅಪರೂಪ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಕಾರೊಂದು ಬೈಕಿಗೆ ಬಡಿದು ಇಬ್ಬರು ತರುಣ ಇಂಜಿನಿಯರುಗಳು ಮೃತಪಟ್ಟರು. ಪಬ್‌ಗಳಲ್ಲಿ ಕುಡಿದು ಆ ಕಾರನ್ನು ಓಡಿಸುತ್ತಿದ್ದನೆಂಬ ಆರೋಪ ಬಂದದ್ದು 17 ವರ್ಷದ ಹುಡುಗನ ಮೇಲೆ. ಸತ್ತವರು ಮಧ್ಯಪ್ರದೇಶದವರು, ಕನ್ನಡದ ಮಕ್ಕಳ ಹಾಗೆಯೇ ಊರು ಬಿಟ್ಟು ಬಂದವರು. ಕುಡಿಯದ ಮಗನೂ ಅದೇ ರಸ್ತೆಯಲ್ಲಿ ಮನೆಗೆ ಮರಳಬೇಕೆಂಬುದನ್ನು ಯಾವ ತಂದೆತಾಯಿಯೂ ಮರೆಯಲಾಗದು.

ಮಹಾರಾಷ್ಟ್ರದ ಕಾನೂನಿನಂತೆ ಬಿಯರ್ ಕುಡಿಯಲು 21 ವರ್ಷ ತುಂಬಿರಬೇಕು. ಬಲವಾದ ಮದ್ಯಕ್ಕೆ 25. ಹಾಗೆಂದರೆ ಪದವಿ ತರಗತಿಗಳ ಬಹುಪಾಲು ವಿದ್ಯಾರ್ಥಿಗಳಿಗೆ ಈ ಯಾತ್ರೆ ನಿಷಿದ್ಧವೇ. ಈ ಮಾತನ್ನು ಮನೆಯಲ್ಲಿ ಮೊದಲು ಹೇಳಬೇಕು, ಗದರದೆ ಹೇಳಬೇಕು. ವಯಸ್ಸಾದವರೂ ಕುಡಿಯದಿರುವುದೇ ಲೇಸು. ಹೋಗಿಯೇ ತೀರುವವರು ವಾಹನವನ್ನು ಮನೆಯಲ್ಲಿ ಬಿಟ್ಟು ಹೋಗುವುದು ಕನಿಷ್ಠ ಧರ್ಮ. ವನಾಜ್‌ನಿಂದ ಡೆಕ್ಕನ್ ಮಾರ್ಗವಾಗಿ ರಾಮವಾಡಿಗೆ ಸಾಗುವ ಮೆಟ್ರೋ ಕಲ್ಯಾಣಿನಗರದಲ್ಲಿ ನಿಲ್ಲುತ್ತದೆ. ಅನಂತರದ ಹೊತ್ತಿಗೆ ರಿಕ್ಷಾಗಳಿವೆ.

ಇಷ್ಟು ಬಿಡಿಸಿ ಹೇಳಿದರೆ ಕುಡಿತಕ್ಕೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. "ನಮ್ಮ ಹುಡುಗ ಅಂಥವನಲ್ಲ" ಎಂದು ಸುಮ್ಮನಿರುವ ಮನೆಯ ಹುಡುಗನಿಗೂ ಗೆಳೆಯರುಂಟು, ಶನಿವಾರದ ಸಂಜೆಯುಂಟು. ಹಿರಿಯರು ಹೇಳದಿದ್ದ ಲೆಕ್ಕವನ್ನು ಅವನು ಇನ್ನಾರಿಂದಲೋ ತಪ್ಪಾಗಿ ಕಲಿಯುತ್ತಾನೆ.

ಪರಸ್ಥಳದ ಕನ್ನಡ ಸಂಘಗಳು ಮಾಡಬಹುದಾದ ಕೆಲಸ ಇಲ್ಲಿದೆ. ರಾಜ್ಯೋತ್ಸವದ ಸನ್ಮಾನಗಳ ನಡುವೆ, ಹೊಸದಾಗಿ ಓದಲು ಬಂದ ಮಕ್ಕಳನ್ನು ವರ್ಷಾರಂಭದಲ್ಲೇ ಕರೆದು ಊಟಕ್ಕೆ ಕೂರಿಸುವ ಒಂದು ದಿನಕ್ಕೂ ಸ್ಥಳವಿರಲಿ. ಸದಸ್ಯರಾದ ವೈದ್ಯರೊಬ್ಬರು ಅಂದು ಈ ಲೆಕ್ಕವನ್ನು ಕನ್ನಡದಲ್ಲಿ ವಿವರಿಸಲಿ. ಪ್ರತಿ ಬಡಾವಣೆಯ ಒಂದೊಂದು ಕುಟುಂಬವು ತನ್ನ ದೂರವಾಣಿ ಸಂಖ್ಯೆಯನ್ನು ಆ ಮಕ್ಕಳಿಗೆ ಕೊಟ್ಟು, ಎಷ್ಟು ಹೊತ್ತಿನಲ್ಲಾದರೂ ಕರೆಯಬಹುದೆಂದು ಹೇಳಲಿ. ಹಾಗೆ ಕರೆದವನನ್ನು ಮೊದಲು ಸುರಕ್ಷಿತವಾಗಿ ಮನೆಗೆ ಕರೆತರಬೇಕು. ಬುದ್ಧಿಮಾತು ಮರುದಿನ ಬೆಳಿಗ್ಗೆ ಹೇಳಿದರೆ ಸಾಕು.