ಭೂಗೋಳ ಪದವಿ ಎಂದರೆ ರಾಜಧಾನಿಗಳ ಪಟ್ಟಿಯಲ್ಲ

ಪದವಿ ಕಾಲೇಜುಗಳಲ್ಲಿ ಪ್ರವೇಶದ ಸಮಯ ಬಂದಾಗಲೆಲ್ಲ ಕಲಾ ವಿಭಾಗದ ವಿದ್ಯಾರ್ಥಿಗಳ ಪೋಷಕರನ್ನು ಕಾಡುವ ಪ್ರಶ್ನೆಯೊಂದಿದೆ. ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಭೂಗೋಳಶಾಸ್ತ್ರವನ್ನು ಆಯ್ದುಕೊಂಡರೆ ಮುಂದೇನು? ಬಿ.ಇಡಿ. ಮುಗಿಸಿ ಶಿಕ್ಷಕರಾಗಬಹುದು, ಇಲ್ಲವೇ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರಬಹುದು ಎಂಬ ಸಿದ್ಧ ಉತ್ತರ ದೊರೆಯುತ್ತದೆ. ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಪದವಿಯ ಅವಧಿಯಲ್ಲಿ ವಿದ್ಯಾರ್ಥಿಯು ವಾಸ್ತವವಾಗಿ ಕಲಿಯುವುದೇನು, ಆ ಕಲಿಕೆಯಿಂದ ನಾಡಿಗೆ ಆಗುವ ಪ್ರಯೋಜನವೇನು ಎಂದು ಕೇಳುವವರು ವಿರಳ.

ಹಾಗೆ ಕೇಳಬೇಕಾದ ಕಾಲ ಈಗ ಬಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಉನ್ನತ ಶಿಕ್ಷಣದಲ್ಲಿ ಮೊದಲು ಜಾರಿಗೆ ತಂದ ರಾಜ್ಯವೆಂಬ ಹೆಗ್ಗಳಿಕೆಯೊಂದಿಗೆ ಕರ್ನಾಟಕವು 2021-22ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಆರಂಭಿಸಿತು. 2023ರಲ್ಲಿ ಸರ್ಕಾರ ಬದಲಾಯಿತು. ಮೂರು ತಂಡಗಳು ಪ್ರವೇಶ ಪಡೆದ ನಂತರ, 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ತನ್ನ ಅಂತಿಮ ವರದಿಯನ್ನು ಮುಖ್ಯಮಂತ್ರಿಗೆ ಒಪ್ಪಿಸಿತು. ಅದೇ ತಿಂಗಳು ವಿಶ್ವವಿದ್ಯಾಲಯ ಅನುದಾನ ಆಯೋಗವು ಒಂಬತ್ತು ವಿಷಯಗಳಿಗೆ ಕರಡು ಪಠ್ಯಕ್ರಮ ಚೌಕಟ್ಟನ್ನು ಪ್ರಕಟಿಸಿತು. ಆ ಒಂಬತ್ತರಲ್ಲಿ ಭೂಗೋಳಶಾಸ್ತ್ರವೂ ಒಂದು. ಪದವಿ ಎಷ್ಟು ವರ್ಷದ್ದಾಗಿರಬೇಕು ಎಂಬ ಬಗ್ಗೆ ಇಷ್ಟೆಲ್ಲ ವಾಗ್ವಾದ ನಡೆದರೂ ಆ ವರ್ಷಗಳಲ್ಲಿ ಏನನ್ನು, ಹೇಗೆ ಕಲಿಸಬೇಕು ಎಂಬ ಚರ್ಚೆ ಸಾರ್ವಜನಿಕ ವಲಯಕ್ಕೆ ಬರಲೇ ಇಲ್ಲ.

ಪಠ್ಯದೊಳಗೆ ಏನಿದೆ?

ಶಾಲೆಯಲ್ಲಿ ಭೂಗೋಳವು ಸಮಾಜ ವಿಜ್ಞಾನದ ಒಂದು ಭಾಗ ಮಾತ್ರ. ನದಿ, ಪರ್ವತ, ರಾಜಧಾನಿ, ಬೆಳೆಗಳ ಹೆಸರುಗಳನ್ನು ಕಂಠಪಾಠ ಮಾಡುವುದೇ ಭೂಗೋಳ ಎಂಬ ಭಾವನೆ ಅಲ್ಲಿಯೇ ಬೇರೂರುತ್ತದೆ. ಪದವಿಯ ಮಟ್ಟದಲ್ಲಿ ವಿಷಯದ ಸ್ವರೂಪವೇ ಬೇರೆ. ಅದು ಏಕಕಾಲಕ್ಕೆ ವಿಜ್ಞಾನವೂ ಹೌದು, ಸಮಾಜಶಾಸ್ತ್ರವೂ ಹೌದು. ಒಂದು ಕಡೆ ಭೂರೂಪಗಳು, ಶಿಲೆಗಳ ಶಿಥಿಲೀಕರಣ, ವಾಯುಗುಣ, ಸಾಗರ, ಮಣ್ಣು. ಇನ್ನೊಂದು ಕಡೆ ಜನಸಂಖ್ಯೆ, ವಲಸೆ, ವಸತಿ ನೆಲೆಗಳು, ಕೃಷಿ, ಕೈಗಾರಿಕೆ, ನಗರ. ಇವೆರಡನ್ನೂ ಜೋಡಿಸುವುದು ನಕ್ಷೆ. ಪ್ರಕೃತಿ ಮತ್ತು ಮನುಷ್ಯ ಒಂದೇ ಪ್ರಶ್ನೆಯೊಳಗೆ ಬರುವ ವಿಷಯಗಳು ಪದವಿ ತರಗತಿಯಲ್ಲಿ ಹೆಚ್ಚಿಲ್ಲ.

ಇವುಗಳೊಂದಿಗೆ ಪ್ರಾಯೋಗಿಕ ತರಗತಿಗಳೂ ಇರುತ್ತವೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳವರ್ಣನಾ ನಕ್ಷೆ, ಅಂದರೆ ವಿದ್ಯಾರ್ಥಿಗಳ ಮಾತಿನ ‘ಟೋಪೋಶೀಟ್’, ಅಲ್ಲಿನ ಮೂಲ ಗ್ರಂಥ. 1:50,000 ಪ್ರಮಾಣದ ಆ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲಿನ ಅರ್ಧ ಕಿಲೋಮೀಟರ್. ಸಮಾನ ಎತ್ತರದ ಸ್ಥಳಗಳನ್ನು ಸೇರಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು, ದೂರದೂರವಿದ್ದರೆ ಸಮತಟ್ಟು. ಈ ರೇಖೆಗಳನ್ನು ಓದಿ ಮಳೆನೀರು ಯಾವ ಕಡೆಗೆ ಹರಿಯುತ್ತದೆ, ಎಲ್ಲಿ ಸೇರುತ್ತದೆ, ಊರು ಏಕೆ ಇಲ್ಲಿಯೇ ಬೆಳೆಯಿತು, ರಸ್ತೆ ಏಕೆ ಅಲ್ಲಿ ತಿರುಗಿತು ಎಂದು ಹೇಳಲು ವಿದ್ಯಾರ್ಥಿ ಕಲಿಯಬೇಕು. ಇದರ ಮುಂದಿನ ಹೆಜ್ಜೆಯಾಗಿ ದೂರಸಂವೇದಿ ಚಿತ್ರಗಳ ವಿಶ್ಲೇಷಣೆ, ಜಿಐಎಸ್ ಎಂದೇ ಹೆಸರಾದ ಭೌಗೋಳಿಕ ಮಾಹಿತಿ ವ್ಯವಸ್ಥೆ, ಸಂಖ್ಯಾಶಾಸ್ತ್ರ ಹಾಗೂ ಕ್ಷೇತ್ರಕಾರ್ಯದ ವರದಿ ಬರುತ್ತವೆ.

ಬೆಂಗಳೂರಿನ ಕಣಿವೆಗಳು ಹೇಳುವ ಪಾಠ

ಈ ಕಲಿಕೆಯ ಬೆಲೆ ತಿಳಿಯಲು ರಾಜಧಾನಿಯನ್ನೇ ನೋಡಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಬೆಂಗಳೂರಿಗೆ ಜೀವನದಿಯಿಲ್ಲ. ನಗರದ ನಡುವೆಯೇ ಜಲವಿಭಾಜಕ ರೇಖೆ ಹಾದುಹೋಗುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರಿದರೆ, ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹಿಂದಿನವರು ಈ ಇಳಿಜಾರನ್ನು ಅರಿತು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಬೀಳುತ್ತಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಆಸುಪಾಸು ಜಲಾವೃತವಾಗಿ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದು ದೇಶದಾದ್ಯಂತ ಸುದ್ದಿಯಾಯಿತು. ಮಳೆ ಭಾರಿಯಾಗಿತ್ತು ಎಂಬುದು ನಿಜ. ಆದರೆ ನೀರು ನಿಂತ ಬೆಳ್ಳಂದೂರು, ವರ್ತೂರಿನ ಸುತ್ತಲ ಪ್ರದೇಶ ಇರುವುದು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೆಳತುದಿಯಲ್ಲಿ. ಜಲಾನಯನ ಪ್ರದೇಶದ ಗಡಿ ಗುರುತಿಸುವ ಅಭ್ಯಾಸವನ್ನು ಮಾಡಿದ ಯಾವುದೇ ವಿದ್ಯಾರ್ಥಿಗೆ ಅಲ್ಲಿಗೇ ನೀರು ಬರುತ್ತದೆಂದು ನಕ್ಷೆಯೇ ಹೇಳುತ್ತದೆ. ಬಡಾವಣೆಗೆ ಅನುಮತಿ ನೀಡುವ ಮೇಜಿನ ಮೇಲೆ ಆ ನಕ್ಷೆಗೆ ಎಷ್ಟು ಬೆಲೆಯಿತ್ತು ಎಂಬುದೇ ಪ್ರಶ್ನೆ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಇತಿಹಾಸ ಸೇರಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದವು. ಆಡಳಿತ ಪ್ರದೇಶ ಬೇರೆ, ನೈಸರ್ಗಿಕ ಪ್ರದೇಶ ಬೇರೆ ಎಂಬುದು ಭೂಗೋಳದ ಪ್ರಾಥಮಿಕ ಪಾಠ. ಒಂದು ಪಾಲಿಕೆಯಲ್ಲಿ ಬಿದ್ದ ಮಳೆ ಇನ್ನೊಂದು ಪಾಲಿಕೆಯ ಕಾಲುವೆಯಲ್ಲಿ ಹರಿಯುತ್ತದೆ. ನೀರಿಗೆ ವಾರ್ಡ್ ಗಡಿ ತಿಳಿಯದು. ಹಾಗಾಗಿ ಕಣಿವೆಯನ್ನೇ ಘಟಕವಾಗಿಟ್ಟುಕೊಂಡು ಯೋಜಿಸದಿದ್ದರೆ ಐದು ಪಾಲಿಕೆಗಳಾದರೂ ಪ್ರವಾಹ ಒಂದೇ ಆಗಿರುತ್ತದೆ.

ಗುಡ್ಡ ಕುಸಿದಾಗ, ಮಳೆ ತಪ್ಪಿದಾಗ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಎರಡು ವಾರಗಳ ನಂತರ ನೆರೆಯ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಪ್ರತಿ ಬಾರಿಯೂ ‘ಪ್ರಕೃತಿಯ ಮುನಿಸು’ ಎಂಬ ಮಾತು ಕೇಳಿಬರುತ್ತದೆ. ಭೂರೂಪಶಾಸ್ತ್ರ ಓದಿದ ವಿದ್ಯಾರ್ಥಿ ಈ ಮಾತಿಗೆ ತೃಪ್ತನಾಗಲಾರ. ಶಿಥಿಲಗೊಂಡ ಮಣ್ಣಿನ ಪದರ ಎಷ್ಟು ದಪ್ಪವಿದೆ, ಇಳಿಜಾರಿನ ಬುಡವನ್ನು ಕಡಿಯಲಾಗಿದೆಯೇ, ನೀರು ಹರಿದುಹೋಗುವ ದಾರಿ ಮುಚ್ಚಿದೆಯೇ, ಮೇಲಿನ ಸಸ್ಯ ಹೊದಿಕೆ ಬದಲಾಗಿದೆಯೇ ಎಂದು ಅವನು ವಿಚಾರಿಸುತ್ತಾನೆ. ಮಳೆ ಕೊನೆಯ ತಳ್ಳುವಿಕೆ ಮಾತ್ರ. ಗುಡ್ಡವನ್ನು ಅದಕ್ಕೆ ಸಿದ್ಧಗೊಳಿಸಿದ ಕಾರಣಗಳನ್ನು ಬೇರ್ಪಡಿಸಿ ನೋಡುವುದೇ ಶಾಸ್ತ್ರದ ಕೆಲಸ.

ಬರದ ವಿಷಯವೂ ಹಾಗೆಯೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಈ ಘೋಷಣೆ ಊಹೆಯಿಂದ ಆಗುವುದಲ್ಲ. ಮಳೆಯ ಕೊರತೆ, ಉಪಗ್ರಹ ಚಿತ್ರದಲ್ಲಿ ಕಾಣುವ ಸಸ್ಯಗಳ ಸ್ಥಿತಿ, ಮಣ್ಣಿನ ತೇವಾಂಶ, ಜಲಾಶಯಗಳ ಮಟ್ಟಗಳನ್ನು ತಾಳೆ ನೋಡಿ, ಕೊನೆಗೆ ಹೊಲಕ್ಕೇ ಹೋಗಿ ಪರಿಶೀಲಿಸಬೇಕೆಂದು ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಹೇಳುತ್ತದೆ. ಭೂಗೋಳ ಪದವಿಯ ಪಠ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎರಡಕ್ಕೂ ಇರುವ ಸಾಮ್ಯ ಎದ್ದು ಕಾಣುತ್ತದೆ.

ಮಾನವ ಭೂಗೋಳದ ಪ್ರಯೋಜನವೂ ಕಡಿಮೆಯದಲ್ಲ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ 35 ಸೂಚ್ಯಂಶಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಉತ್ತರ ಕರ್ನಾಟಕದ ಅನ್ಯಾಯದ ಕೂಗಿಗೆ ಅಂಕಿ-ಅಂಶದ ಬಲ ಬಂದದ್ದು ಹೀಗೆ. ಪ್ರದೇಶ ಪ್ರದೇಶಗಳ ನಡುವಿನ ಅಂತರವನ್ನು ಅಳೆದು ನಕ್ಷೆಯಲ್ಲಿ ತೋರಿಸುವ ವಿಧಾನವನ್ನು ಪದವಿ ವಿದ್ಯಾರ್ಥಿ ತನ್ನ ಸ್ವಂತ ತಾಲ್ಲೂಕಿನ ಹಳ್ಳಿಗಳಿಗೂ ಅನ್ವಯಿಸಬಲ್ಲ. ಎಲ್ಲಿ ಆಸ್ಪತ್ರೆ ದೂರ, ಎಲ್ಲಿ ಬಸ್ಸು ಇಲ್ಲ, ಎಲ್ಲಿಂದ ಜನ ಗುಳೆ ಹೋಗುತ್ತಾರೆ ಎಂಬುದಕ್ಕೆ ನಕ್ಷೆಗಿಂತ ಸ್ಪಷ್ಟ ಸಾಕ್ಷಿ ಬೇರೆ ಬೇಕೆ?

ಕೊರತೆ ಇರುವುದೆಲ್ಲಿ?

ಪಠ್ಯಕ್ರಮದಲ್ಲಿ ಇಷ್ಟೆಲ್ಲ ಇದ್ದರೂ ಪದವೀಧರರಲ್ಲಿ ಈ ಸಾಮರ್ಥ್ಯ ಏಕೆ ಕಾಣುತ್ತಿಲ್ಲ? ಒಂದು ಕಾಲದಲ್ಲಿ ನಕ್ಷೆಯೇ ದುರ್ಲಭವಾಗಿತ್ತು. ಗಡಿ ಮತ್ತು ಕರಾವಳಿಯ ಟೋಪೋಶೀಟ್‌ಗಳು ನಿರ್ಬಂಧಿತ ವರ್ಗದಲ್ಲಿದ್ದುದರಿಂದ ಕಾರವಾರದ ವಿದ್ಯಾರ್ಥಿಗೆ ತನ್ನ ಊರಿನ ನಕ್ಷೆಯೇ ಸುಲಭವಾಗಿ ಸಿಗುತ್ತಿರಲಿಲ್ಲ. ಆ ಅಡ್ಡಿ ಈಗ ಬಹುಮಟ್ಟಿಗೆ ನಿವಾರಣೆಯಾಗಿದೆ. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕ ಬಳಕೆಗೆಂದು ಪ್ರತ್ಯೇಕ ನಕ್ಷಾ ಸರಣಿಯನ್ನು ಒದಗಿಸಿತು. 2021ರ ಫೆಬ್ರುವರಿಯಲ್ಲಿ ಕೇಂದ್ರವು ಭೌಗೋಳಿಕ ದತ್ತಾಂಶದ ನಿಯಮಗಳನ್ನು ಸಡಿಲಿಸಿತು. 2022ರಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಬಂತು. ಇಸ್ರೋದ ‘ಭುವನ್’ ತಾಣ 2009ರಿಂದ ಇದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ದಶಕಗಳ ಚಿತ್ರಗಳು ಉಚಿತ. ‘ಕ್ಯೂಜಿಐಎಸ್’ ತಂತ್ರಾಂಶವೂ ಉಚಿತ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಮೊಬೈಲ್‌ನಲ್ಲೇ ಕಾಣುತ್ತದೆ. ಹಣವಿಲ್ಲ, ನಕ್ಷೆಯಿಲ್ಲ ಎಂಬ ನೆಪ ಇನ್ನು ನಡೆಯದು.

ನಿಜವಾದ ಕೊರತೆ ಇರುವುದು ಬೋಧನೆಯಲ್ಲಿ. ಎಲ್ಲ ಕಾಲೇಜುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೂ ಹಿರಿಯರ ರೆಕಾರ್ಡ್ ನೋಡಿ ಕಿರಿಯರು ನಕಲು ಮಾಡುವ ಪದ್ಧತಿ, ಪ್ರವಾಸವನ್ನೇ ಕ್ಷೇತ್ರಕಾರ್ಯವೆಂದು ಕರೆದು ಅಂಕ ಹಂಚುವ ಪದ್ಧತಿ ಅಪರೂಪವೇನಲ್ಲ. ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಸೇವಾ ಭದ್ರತೆಗಾಗಿ ಅವರು 2023ರ ಕೊನೆಯಲ್ಲಿ ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದ್ದನ್ನು ರಾಜ್ಯ ಕಂಡಿದೆ. ಮುಂದಿನ ವರ್ಷ ತಾನು ಇದೇ ಕಾಲೇಜಿನಲ್ಲಿ ಇರುತ್ತೇನೆಯೇ ಎಂದು ತಿಳಿಯದ ಉಪನ್ಯಾಸಕರಿಂದ, ವರ್ಷಗಟ್ಟಲೆ ಒಂದು ಕೆರೆಯನ್ನೋ ಹಳ್ಳವನ್ನೋ ಅಧ್ಯಯನ ಮಾಡಿಸುವ ಕ್ಷೇತ್ರಕಾರ್ಯವನ್ನು ನಿರೀಕ್ಷಿಸುವುದು ಹೇಗೆ?

ಜಿಐಎಸ್ ಬೋಧನೆಗೂ ಇಲ್ಲೊಂದು ಎಚ್ಚರಿಕೆ ಅಗತ್ಯ. ತಂತ್ರಾಂಶದಲ್ಲಿ ಯಾವ ಗುಂಡಿ ಒತ್ತಬೇಕೆಂದು ಕಲಿಸುವುದು ಆರು ತಿಂಗಳ ತರಬೇತಿ ಕೇಂದ್ರಕ್ಕೂ ಸಾಧ್ಯ. ಪರದೆಯ ಮೇಲೆ ಹಸಿರಾಗಿ ಕಂಡದ್ದು ಕಾಡೋ, ಅಡಿಕೆ ತೋಟವೋ, ಕೆರೆಯನ್ನು ಮುಚ್ಚಿದ ಜೊಂಡೋ ಎಂದು ಅನುಮಾನಿಸಿ, ಸ್ಥಳಕ್ಕೆ ಹೋಗಿ ನೋಡಿ ಬರುವ ಬುದ್ಧಿಯನ್ನು ಕಲಿಸಬೇಕಾದದ್ದು ಪದವಿ. ಆ ಅನುಮಾನವಿಲ್ಲದ ನಕ್ಷೆ ಎಷ್ಟೇ ಅಂದವಾಗಿದ್ದರೂ ಅಪಾಯಕಾರಿ.

ಆಗಬೇಕಾದುದೇನು?

ಇದಕ್ಕೆ ಹೊಸ ಆಯೋಗವೇನೂ ಬೇಕಿಲ್ಲ. ಪ್ರತಿ ಪದವಿ ಕಾಲೇಜಿನ ಭೂಗೋಳ ವಿಭಾಗಕ್ಕೆ ಅದರ ಸುತ್ತಲ ಒಂದು ಕಿರು ಜಲಾನಯನ ಪ್ರದೇಶವನ್ನು ವಹಿಸಿಕೊಡಬಹುದು. ಒಂದು ತಂಡದ ನಂತರ ಇನ್ನೊಂದು ತಂಡ ಅಲ್ಲಿನ ಮಳೆ, ಬಾವಿಗಳ ನೀರಿನ ಮಟ್ಟ, ಬೆಳೆ, ಒತ್ತುವರಿ, ವಲಸೆಗಳನ್ನು ದಾಖಲಿಸುತ್ತ ಹೋದರೆ ಹತ್ತು ವರ್ಷಗಳಲ್ಲಿ ಯಾವ ಇಲಾಖೆಯ ಬಳಿಯೂ ಇಲ್ಲದ ಮಾಹಿತಿ ಪಂಚಾಯಿತಿಯ ಕೈಗೆ ಸಿಗುತ್ತದೆ. 1986ರಿಂದ ಬೆಂಗಳೂರಿನಲ್ಲಿರುವ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದಂತಹ ಸಂಸ್ಥೆಗಳು ಈ ಕಾಲೇಜುಗಳಿಗೆ ದತ್ತಾಂಶವನ್ನೂ ಮಾರ್ಗದರ್ಶನವನ್ನೂ ನೀಡಬೇಕು. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಜಿಐಎಸ್ ಮತ್ತು ದೂರಸಂವೇದಿಯ ಕುರಿತು ಇಂದಿನ ಜ್ಞಾನವನ್ನೊಳಗೊಂಡ ಕನ್ನಡ ಪಠ್ಯಗಳನ್ನು ವಿಶ್ವವಿದ್ಯಾಲಯಗಳು ಸಿದ್ಧಪಡಿಸಬೇಕು. ಅದಕ್ಕಿಂತ ಮುಖ್ಯವಾಗಿ, ನಗರ ಯೋಜನೆ, ವಿಪತ್ತು ನಿರ್ವಹಣೆ, ಗ್ರಾಮೀಣಾಭಿವೃದ್ಧಿ ಇಲಾಖೆಗಳ ನೇಮಕಾತಿ ನಿಯಮಗಳಲ್ಲಿ ಭೂಗೋಳ ಪದವೀಧರರಿಗೆ ಸ್ಥಾನ ದೊರೆಯಬೇಕು.

2021ರಲ್ಲಿ ನಡೆಯಬೇಕಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1ರ ದಿನಾಂಕ ನಿಗದಿಯಾಗಿದೆ. ಅದರ ಅಂಕಿ-ಅಂಶ ಹೊರಬಿದ್ದಾಗ ಕ್ಷೇತ್ರ ಪುನರ್ವಿಂಗಡಣೆ, ಅನುದಾನ ಹಂಚಿಕೆ, ನಗರಗಳ ಗಡಿ ಎಲ್ಲವೂ ಮತ್ತೆ ಚರ್ಚೆಗೆ ಬರಲಿವೆ. ಆಗ ಅಂಕಿಗಳನ್ನು ನೆಲದ ಮೇಲಿಟ್ಟು ಓದಬಲ್ಲವರು ಪ್ರತಿ ತಾಲ್ಲೂಕಿನಲ್ಲಿಯೂ ಬೇಕಾಗುತ್ತಾರೆ. ಅಂಥವರನ್ನು ರೂಪಿಸುವ ಪಠ್ಯ ನಮ್ಮಲ್ಲಿದೆ, ಸಾಧನಗಳಿವೆ, ವಿದ್ಯಾರ್ಥಿಗಳೂ ಇದ್ದಾರೆ. ಅವರನ್ನು ತರಗತಿಯಿಂದ ಹೊರಗೆ, ನೆಲದ ಬಳಿಗೆ ಕರೆದೊಯ್ಯುವ ಶಿಕ್ಷಕರನ್ನು ಖಾಯಂ ಆಗಿ ನೇಮಿಸುವ ಹೊಣೆ ಸರ್ಕಾರದ್ದು. ಪದವಿ ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಎಂಬ ಜಗಳಕ್ಕಿಂತ ಈ ಹೊಣೆ ದೊಡ್ಡದು.