ಸಾಲಿನಲ್ಲಿ ನಿಂತವರ ಮರ್ಯಾದೆ

ಪುಣೆಯವರಿಗೆ ಮರ್ಯಾದೆ ಗೊತ್ತಿಲ್ಲ, ಮನೆಗೆ ಹೋದರೆ ‘ನೀರು ಬೇಕಾ’ ಅಂತ ಕೇಳ್ತಾರೆಯೇ ಹೊರತು ತಂದು ಕೊಡೋದಿಲ್ಲ — ಊರಿಗೆ ಬಂದಾಗಲೆಲ್ಲ ಬಂಧುಗಳು ನನ್ನೆದುರು ಹೀಗೆ ಆಡಿಕೊಳ್ಳುತ್ತಾರೆ. ಮಧ್ಯಾಹ್ನ 1ರಿಂದ 4ರವರೆಗೆ ಬಾಗಿಲು ಹಾಕುವ ಹಳೇ ಪೇಟೆಯ ಅಂಗಡಿಗಳ ಕಥೆ, ‘ಪುಣೇರಿ ಪಾಟ್ಯಾ’ ಎಂದು ಹೆಸರಾದ ಬಿರುಸು ಮಾತಿನ ಬೋರ್ಡುಗಳ ಕಥೆ ಎಲ್ಲ ಅವರಿಗೂ ಗೊತ್ತು. ಪು.ಲ. ದೇಶಪಾಂಡೆಯವರೇ ಪುಣೇಕರರನ್ನು ಗೇಲಿ ಮಾಡಿದ್ದಾರೆ, ನಾನೇನೂ ವಕಾಲತ್ತು ಹಾಕಬೇಕಿಲ್ಲ. ಆದರೆ ‘ನಮ್ಮೋರು ಹಾಗಲ್ಲಪ್ಪ’ ಎಂಬ ಎರಡನೇ ವಾಕ್ಯ ಬರುತ್ತದಲ್ಲ, ನನ್ನ ತಕರಾರು ಅದಕ್ಕೆ.

ನಾನು ಪುಣೆಯ ಬ್ಯಾಂಕ್ ಶಾಖೆಯೊಂದಕ್ಕೆ ವರ್ಗವಾಗಿ ಬಂದ ಹೊಸದು. ನವೆಂಬರ್ ತಿಂಗಳು. 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬರುವ ಮೊದಲು ಹೆಚ್ಚಿನ ಪಿಂಚಣಿದಾರರು ತಾವು ಬದುಕಿದ್ದೇವೆಂದು ತೋರಿಸಲು ಖುದ್ದು ಬ್ಯಾಂಕಿಗೇ ಬರುತ್ತಿದ್ದರು. ಮರಾಠಿಯಲ್ಲಿ ಅದು ‘ಹಯಾತೀಚಾ ದಾಖಲಾ’. ಉದ್ದ ಸಾಲು. ಅಷ್ಟರಲ್ಲಿ ಪಕ್ಕದಿಂದ ಒಬ್ಬರು ಬಗ್ಗಿ, ‘ಸಾರ್, ನೀವು ನಮ್ಮೋರಲ್ವಾ? ಊರು ಯಾವುದು?’ ಎಂದು ಕನ್ನಡದಲ್ಲಿ ಕೇಳಿದರು. ಎಂಥಾ ವಿನಯ, ಎಂಥಾ ನಗು! ಕರಗಿಹೋದೆ. ಅವರ ಕಾಗದ ಮೊದಲು ತೆಗೆದುಕೊಂಡೆ. ಸಾಲಿನ ತುದಿಯಲ್ಲಿದ್ದ ಮುದುಕರು, ಕಾಲು ನಡುಗುತ್ತಿತ್ತು, ‘ಸಾಹೇಬ್, ರಾಂಗ್ ಆಹೆ’ ಅಂದರು. ನಾನು ಇಂಗ್ಲಿಷಿನ ರಾಂಗ್ ಎಂದುಕೊಂಡು ಕಾಗದದಲ್ಲಿ ತಪ್ಪು ಹುಡುಕಿದೆ. ಮರಾಠಿಯಲ್ಲಿ ‘ರಾಂಗ’ ಅಂದರೆ ಸಾಲು ಅಂತ ಸಹೋದ್ಯೋಗಿ ಹೇಳಿದ. ಎರಡು ಅರ್ಥವೂ ಸರಿಯಾಗೇ ಇತ್ತು ಬಿಡಿ.

ಆವತ್ತು ಮರ್ಯಾದೆ ಇದ್ದದ್ದು ಯಾರ ಕಡೆ? ನಗುತ್ತಾ ಬಹುವಚನದಲ್ಲಿ ಮಾತಾಡಿದವರು ಇಪ್ಪತ್ತು ಮಂದಿಯ ಹೊತ್ತು ಕದ್ದರು, ನಾನು ಕದಿಯಲು ಬಿಟ್ಟೆ. ಒರಟಾಗಿ ಮೂರೇ ಶಬ್ದ ಆಡಿದವರು ಎಲ್ಲರ ಪರವಾಗಿ ಆಡಿದರು. ಹನ್ನೊಂದನೇ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯದ ಬಗ್ಗೆ ಗ್ರಂಥವನ್ನೇ ಬರೆದ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ಜನ ನಗುತ್ತಾರೆ ಎಂಬುದು ಅವನ ತಕರಾರು. ಚಿನ್ನವೇನೋ ನಿಜದ್ದೇ, ಜಾಗ ತಪ್ಪು. ಕೌಂಟರಿನಲ್ಲಿ ನಮ್ಮೋರ ಪ್ರೀತಿಯೂ ಹಾಗೇ.

ಇನ್ನು ನಮ್ಮ ‘ನೀವು’ ವಿಚಾರ. ಕರ್ನಾಟಕದ ಶಾಖೆಗಳಲ್ಲೂ ನಾನು ಕೂತಿದ್ದೇನೆ. ಕಾರಿನಿಂದಿಳಿದವರಿಗೆ ‘ಬನ್ನಿ ಸಾರ್, ಕೂತ್ಕೊಳ್ಳಿ, ಕಾಫಿ?’ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದ ಅರವತ್ತರ ಹೆಂಗಸಿಗೆ ‘ಏಯ್, ಆಮೇಲೆ ಬಾ’. ಹೀಗೆಂದವನು ಅವಳ ಮೊಮ್ಮಗನ ವಯಸ್ಸಿನ ಗುಮಾಸ್ತ. ತಾಯಿಯನ್ನು ನೀನು ಅನ್ನುವುದು ಸಲಿಗೆ, ದೇವರನ್ನೂ ಅನ್ನುತ್ತೇವೆ, ಮರಾಠಿಯಲ್ಲೂ ಹಾಗೇ. ಇದು ಆ ನೀನು ಅಲ್ಲ. ಬಟ್ಟೆ ನೋಡಿ ಕೊಡುವ ಬಹುವಚನಕ್ಕೆ ಮರ್ಯಾದೆ ಅನ್ನುವ ಹೆಸರು ಯಾಕೆ? ನಮ್ಮ ಬ್ಯಾಂಕಿನ ಭಾಷೆಯಲ್ಲಿ ಅದು ಅಡವಿಟ್ಟು ಕೊಡುವ ಸಾಲ.

ಹೋದ ಸಲ ಊರಿನಲ್ಲಿ ಬಂಧುಗಳು ಮತ್ತೆ ಪುಣೆಯ ನೀರಿನ ಕಥೆ ತೆಗೆದರು. ಆಗ ನಮಗೆಲ್ಲ ಕೇಳದೆಯೇ ನೀರು ಬಂತು, ನಿಜ. ತಂದಾಕೆ ಆ ಮನೆಯಲ್ಲಿ ಎಷ್ಟೋ ವರ್ಷದಿಂದ ಪಾತ್ರೆ ತೊಳೆಯುವವಳು, ನನಗಿಂತ ಹಿರಿಯಳು. ‘ಏ, ಇನ್ನೊಂದು ಲೋಟ ತಗೊಂಬಾರೆ’ ಎಂದು ಕೂಗಿದವರು ಪುಣೆಯವರಲ್ಲ.