ಜರ್ಮನ್ ಭಾಷೆಯಲ್ಲಿ ಗುಣವರ್ಣನೆ

ವ್ಯಾಸಂಗಕ್ಕೋ ಉದ್ಯೋಗಕ್ಕೋ ಜರ್ಮನಿಗೆ ಹೊರಡುವ ತರುಣರು ಅಲ್ಲಿ ತಮ್ಮ ಗುಣವನ್ನು ತಾವೇ ಹೇಳಿಕೊಳ್ಳಬೇಕಾಗುವುದು. ಈ ವಿಷಯದಲ್ಲಿ ಇಂಗ್ಲಿಷ್ ಬಲ್ಲವರೇ ಮೊದಲು ಮುಗ್ಗರಿಸತಕ್ಕವರು. ‘ಬ್ರಾಫ್’ ಎಂಬ ಜರ್ಮನ್ ಪದವು ಇಂಗ್ಲಿಷಿನ ‘ಬ್ರೇವ್’ ಪದವನ್ನು ಹೋಲುವುದಾದರೂ ಅದರ ಅರ್ಥವು ಹೇಳಿದ ಮಾತು ಕೇಳುವ, ತಂಟೆಮಾಡದ ಎಂದು. ಶೂರನಿಗೆ ‘ಟಪ್‌ಫರ್’ ಎನ್ನಬೇಕು. ಕೆಲಸ ಬೇಡಿ ಹೋದವನು ತಾನು ‘ಬ್ರಾಫ್’ ಎಂದರೆ ಜಾಣಕೂಸೆಂದು ಹೇಳಿಕೊಂಡಂತಾಯಿತು! ‘ಸೆಲ್ಬ್‌ಸ್ಟ್‌ಬೆವುಸ್ಟ್’ ಎಂಬುದು ಪದಶಃ ಇಂಗ್ಲಿಷಿನ ‘ಸೆಲ್ಫ್‌ಕಾನ್ಷಸ್’. ಆದರೆ ಇಂಗ್ಲಿಷಿನದು ಸಂಕೋಚಪಡುವವನನ್ನೂ ಜರ್ಮನಿನದು ಆತ್ಮವಿಶ್ವಾಸವುಳ್ಳವನನ್ನೂ ಸೂಚಿಸುವುವು. ಇದನ್ನರಿಯದವನು ಹೊಗಳಿಕೆಯನ್ನೇ ತೆಗಳಿಕೆಯೆಂದು ಬಗೆದು ನೊಂದುಕೊಂಡಾನು.

ವ್ಯಾಕರಣದಲ್ಲಿಯಾದರೋ ಕನ್ನಡಿಗರಿಗೊಂದು ಸೋಜಿಗವುಂಟು. ‘ಒಳ್ಳೆಯ ಗಂಡಸು’, ‘ಒಳ್ಳೆಯ ಹೆಂಗಸು’ ಎಂಬಲ್ಲಿ ನಾವು ಗುಣವಾಚಕವನ್ನು ಬದಲಿಸುವುದಿಲ್ಲ. ವಾಕ್ಯದ ಕೊನೆಯಲ್ಲಿ ಮಾತ್ರ ‘ಒಳ್ಳೆಯವನು’, ‘ಒಳ್ಳೆಯವಳು’ ಎನ್ನುವೆವು. ಜರ್ಮನರದು ಇದಕ್ಕೆ ನೇರ ವಿರುದ್ಧ. ‘ಅವನು ಒಳ್ಳೆಯವನು’, ‘ಅವಳು ಒಳ್ಳೆಯವಳು’ ಎನ್ನುವಲ್ಲಿ ಇಬ್ಬರಿಗೂ ‘ಗೂಟ್’ ಒಂದೇ. ನಾಮಪದಕ್ಕೆ ಮೊದಲು ಬಂದಾಗ ಗಂಡಸಿಗೆ ‘ಐನ್ ಗೂಟರ್ ಮನ್’, ಹೆಂಗಸಿಗೆ ‘ಐನೆ ಗೂಟೆ ಫ್ರೌ’, ಮಗುವಿಗೆ ‘ಐನ್ ಗೂಟೆಸ್ ಕಿಂಟ್’. ವಿಭಕ್ತಿಗೆ ತಕ್ಕಂತೆ ಈ ಪ್ರತ್ಯಯಗಳೂ ಮಾರ್ಪಡುವುವು. ಅವು ಬಾಯಿಗೆ ಬರುವವರೆಗೆ ‘ಅವಳು ಒಳ್ಳೆಯವಳು’ ಎಂಬ ಮಾದರಿಯ ವಾಕ್ಯಗಳಲ್ಲಿಯೇ ನಾಲಗೆಯನ್ನು ಪಳಗಿಸುವುದು ಲೇಸೆಂದು ನಮಗೆ ತೋರುವುದು.